ನಾಲ್ಕನೆಯ ಮೂಲೆ

ಮಡಿಸೋ ಅಕ್ಕ ಎಂದರೆ ಇಡೀ ಕಾರ್ಖಾನೆಗೆ ಗೊತ್ತು. ಬಿಸಿಲು ತಳ್ಳಿದಂತೆ ಬಾಹ್ಯಾಕಾಶದಲ್ಲಿ ಓಡುವ ನೌಕೆಗಳಿಗೆ ಹಾಯಿ ಮಡಿಸುವುದು ಅವಳ ಕಸುಬು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ, ಆಟದ ಮೈದಾನದಷ್ಟು ಅಗಲದ ಹಾಳೆ ಒಂದು ಟ್ರಂಕಿನೊಳಗೆ ಅಡಗಬೇಕು. ಮೊದಲೆಲ್ಲ ಹೆಂಗಸರು ಮಂಡಿಯೂರಿ ಮಡಿಸುತ್ತಿದ್ದರು. ಅಕ್ಕ ಒಂದು ದಿನ ಎಲ್ಲರನ್ನೂ ಹಾಳೆಯ ಸುತ್ತ ಧರಣಿ ಕೂರಿಸಿದಳು. ಸ್ಟೂಲು ಬರುವ ತನಕ ಯಾರೂ ಏಳಲಿಲ್ಲ. ಅಂದು ಮೇಲ್ವಿಚಾರಕನ ಹೊಟ್ಟೆಗೆ ಬಿದ್ದ ಕಿಚ್ಚು ಇನ್ನೂ ಆರಿರಲಿಲ್ಲ.

ಈ ಸಲದ ಹಾಯಿ ಒಬ್ಬ ನೆಂಟನಿಗಾಗಿ. ಬೇರೆ ಯಾವುದೋ ಸೂರ್ಯನ ಕಡೆಯಿಂದ ಒಂದು ಬಂಡೆ ಬಂದಿತ್ತು. ಕೂರದೆ, ನೀರು ಕುಡಿಯದೆ, ನಮ್ಮ ಅಂಗಳ ಹಾದು ಹೊರಟೇಬಿಟ್ಟಿತ್ತು. ಹಿಡಿದರೆ ಈಗ, ಇಲ್ಲದಿದ್ದರೆ ಇನ್ನೆಂದೂ ಇಲ್ಲ.

ನೌಕೆ ಮೇಲೇರಿತು. ಹಾಯಿಯ ಮೂರು ಮೂಲೆ ಬಿಚ್ಚಿಕೊಂಡವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಂಜಿನಿಯರುಗಳು ಮೋಟಾರನ್ನು ಬೈದರು.

ಅಕ್ಕ ಮನೆಗೆ ಬಂದಾಗ ಬಸ್ ಡ್ರೈವರ್ ಗಂಡ ಅವಳು ಮಡಿಸಿಟ್ಟ ಹೊದಿಕೆಯೊಂದಿಗೆ ಕುಸ್ತಿಗೆ ಬಿದ್ದಿದ್ದ. ಮದುವೆಯಾದಾಗಿನಿಂದ ಇದೇ ಕುಸ್ತಿ. ಏನು ಮಡಿಸಿದರೂ ಕೊನೆಯ ಮೂಲೆಯನ್ನು ಒಳಗೆ ತುರುಕದಿದ್ದರೆ ಅಕ್ಕನಿಗೆ ಸಮಾಧಾನವಿಲ್ಲ.

"ನೀನು ಮಡಿಸಿದ್ದನ್ನ ಬಿಚ್ಚೋಕೆ ನಿಮ್ಮಪ್ಪನೇ ಬರಬೇಕು ಕಣೇ" ಎಂದ.

ಹಾಯಿಗೂ ತನ್ನ ಕೈ ಅದನ್ನೇ ಮಾಡಿತ್ತು ಎಂದು ಅಕ್ಕನಿಗೆ ಆಗ ಹೊಳೆಯಿತು. ಹಾಯಿಯ ಕೊನೆಯ ಮೂಲೆ ಹೊರಗೇ ಇರಬೇಕು. ಮೋಟಾರಿನ ದಾರ ಎಳೆಯುವುದು ಅದನ್ನೇ. ತಪಾಸಣೆಯವನು ಬೇರೆ, ಎಷ್ಟು ಅಚ್ಚುಕಟ್ಟು ಎಂದು ಹೊಗಳಿ ಮುಚ್ಚಳ ಹಾಕಿದ್ದ.

ಹೇಳಿದರೆ ಸ್ಟೂಲು ಹೋಗುತ್ತವೆ. ಕೂರಿಸಿದ್ದಕ್ಕೇ ಮೈಮರೆತರು ಅನ್ನಲು ಮೇಲ್ವಿಚಾರಕ ಕಾದಿದ್ದಾನೆ. ಹೇಳದಿದ್ದರೆ ನೆಂಟ ಹೋಗುತ್ತಾನೆ. ಗಂಡನನ್ನು ಕೇಳಿದಳು. ತಪ್ಪು ಮಾಡಿದ್ದು ಕೈ, ಸ್ಟೂಲಿನ ಮೇಲಿದ್ದದ್ದು ಬೇರೆ ಭಾಗ, ಎಂದು ಅವನು ತೀರ್ಪು ಕೊಟ್ಟ.

ಬೆಳಿಗ್ಗೆ ಅಕ್ಕ ಎಲ್ಲರೆದುರು ನಿಂತಳು. "ಮೋಟಾರನ್ನ ಬೈಬೇಡಿ. ಮೂಲೆ ಒಳಗೆ ತುರುಕಿದ್ದು ನಾನು. ಸ್ಟೂಲು ಬರೋಕೆ ಮುಂಚಿಂದಾನೂ ನನ್ನ ಕೈ ಹಿಂಗೇ. ಬೇಕಾದ್ರೆ ನನ್ನ ಗಂಡನ್ನ ಕೇಳಿ."

ಮೇಲ್ವಿಚಾರಕ ಬಾಯಿ ತೆರೆದ. ಹಿರಿಯ ಎಂಜಿನಿಯರಮ್ಮ ಅವನಿಗೆ ಕೈ ಅಡ್ಡ ಹಿಡಿದು, ಯಾವ ಕಡೆಗೆ ತುರುಕಿದ್ದು ಎಂದಷ್ಟೇ ಕೇಳಿದಳು. ಅಕ್ಕ ಕರವಸ್ತ್ರ ಮಡಿಸಿ ತೋರಿಸಿದಳು. ಎಂಜಿನಿಯರುಗಳು ಇಲ್ಲಿಂದಲೇ ದಾರ ಸಡಿಲಿಸಿ ನೌಕೆಯನ್ನು ಗಿರ್ರನೆ ಎದುರು ದಿಕ್ಕಿಗೆ ತಿರುಗಿಸಿದರು. ಆ ರಭಸಕ್ಕೆ ಮೂಲೆ ಹೊರಗೆ ಚಿಮ್ಮಿತು. ಹಾಯಿ ಬಿಸಿಲು ಹಿಡಿದು ನೆಂಟನ ಬೆನ್ನು ಹತ್ತಿತು.

ಸ್ಟೂಲು ಎತ್ತಿಸಲು ಬಂದ ಮೇಲ್ವಿಚಾರಕನಿಗೆ ಖಾಲಿ ಸ್ಟೂಲು ಒಂದೂ ಸಿಗಲಿಲ್ಲ. ಪ್ರತಿಯೊಂದರ ಮೇಲೂ ಒಬ್ಬೊಬ್ಬಳು ಬಿಗಿಯಾಗಿ ಕೂತಿದ್ದಳು.

ಮನೆಯಲ್ಲಿ ಹೊದಿಕೆ ಮಡಿಸುವ ಕೆಲಸವನ್ನು ಅಂದಿನಿಂದ ಗಂಡನೇ ವಹಿಸಿಕೊಂಡ. ಅವನು ಮಡಿಸಿದ್ದೋ ಮುದುರಿದ್ದೋ ದೇವರಿಗೇ ಗೊತ್ತು. ಅವನು ಅತ್ತ ತಿರುಗಿದ್ದೇ ತಡ, ಅಕ್ಕ ಮೂಲೆಯನ್ನು ಒಳಗೆ ತುರುಕಿದಳು.