ಮಗಳ ಶಾಲೆ, ನನ್ನ ಮೇಜಿನ ಫೈಲು

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನನ್ನ ಮಗಳು ಏಳನೇ ಕ್ಲಾಸು ಮುಗಿಸಿದಳು. ಆ ಬೇಸಿಗೆಯಲ್ಲಿ ಅವಳಿಗೊಂದು ಹೈಸ್ಕೂಲು ಹುಡುಕಿಕೊಂಡು ಊರೂರು ಸುತ್ತಿದೆ. ನಮ್ಮ ಮನೆ ಇದ್ದದ್ದು ಮುಳಬಾಗಿಲಲ್ಲಿ. ಯಜಮಾನರು ದೇವರಾಯಸಮುದ್ರದ ಕಡೆ ಗ್ರಾಮಲೆಕ್ಕಿಗರು. ನಾನು ದಿನಾ ಬಸ್ಸು ಹಿಡಿದು ಕೋಲಾರಕ್ಕೆ ಹೋಗಿ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತಿದ್ದೆ. ಖಾಸಗಿ ಶಾಲೆಗಳ ಮಾನ್ಯತೆಯ ಕಾಗದಪತ್ರಗಳೆಲ್ಲ ಮೊದಲು ಬಂದು ಕೂರುತ್ತಿದ್ದುದು ನನ್ನ ಮೇಜಿನ ಮೇಲೆಯೇ.

"ಅಷ್ಟೊಂದು ಸುತ್ತೋದು ಯಾಕೆ? ಹೆಣ್ಮಕ್ಕಳ ಸ್ಕೂಲು ಅಂದ್ರೆ ಕೋಲಾರದ್ದೇ. ರಿಸಲ್ಟು ನೋಡು," ಅಂದರು ಯಜಮಾನರು.

ನನಗೆ ಆ ಶಾಲೆ ಗೊತ್ತಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಮೂರು ತಿಂಗಳು ಅಲ್ಲಿ ಓದಿದ್ದೆ. ಅದನ್ನು ಅವರಿಗೆ ಹೇಳಿರಲಿಲ್ಲ.

ನಮ್ಮದು ಗೌನಿಪಲ್ಲಿ ಪಕ್ಕದ ಹಳ್ಳಿ. ಮನೆಯಲ್ಲಿ ತೆಲುಗು, ಊರೊಳಗೆ ಎರಡೂ. ಅಪ್ಪನಿಗೆ ಮಾವಿನ ತೋಪಿತ್ತು. ಓದು ಚೆನ್ನಾಗಿ ಹತ್ತಿದೆ ಎಂದು ನನ್ನನ್ನು ಕೋಲಾರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಆ ಹೆಣ್ಣುಮಕ್ಕಳ ಶಾಲೆಗೆ ಎಂಟನೇ ಕ್ಲಾಸಿಗೆ ಸೇರಿಸಿದ. ಒಂದು ದಿನ ಕನ್ನಡದ ಮಿಸ್ ಏನೋ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಆತುರದಲ್ಲಿ ಎದ್ದು, "ನಾನು ಚೆಪ್ತೀನಿ ಮಿಸ್" ಅಂದುಬಿಟ್ಟೆ. ತೆಲುಗಿನಲ್ಲಿ ಚೆಪ್ಪು ಎಂದರೆ ಹೇಳು. ಕಾಲಿಗೆ ಹಾಕುವ ಚಪ್ಪಲಿಗೂ ಅಲ್ಲಿ ಅದೇ ಮಾತು.

"ಚೆಪ್ಪು ಕಾಲಿಗೆ ಹಾಕ್ಕೊಳ್ಳೋದು ಕಣೇ, ಬಾಯಿಗಲ್ಲ," ಅಂದರು ಮಿಸ್. ಕ್ಲಾಸು ನಕ್ಕಿತು. ಅವರಿಗೆ ಅಷ್ಟು ಸಾಲಲಿಲ್ಲ. ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ನನ್ನ ಕೈಯಲ್ಲೇ ತರಿಸಿ, ಅದನ್ನು ಗದ್ದದ ಹತ್ತಿರ ಹಿಡಿದುಕೊಂಡು ಬೆಲ್ಲು ಹೊಡೆಯುವವರೆಗೆ ಬಾಗಿಲಲ್ಲಿ ನಿಲ್ಲಿಸಿದರು. ಆವತ್ತಿನಿಂದ ಶಾಲೆಯಲ್ಲಿ ನನ್ನ ಹೆಸರೇ ಚೆಪ್ಪು ಅಂತಾಯಿತು.

ಹದಿನೈದು ದಿನ ತಡೆದುಕೊಂಡೆ. ಆಮೇಲೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಅಪ್ಪ ಸೀಸನ್ನಿನ ಕೊನೆಯ ನೀಲಂ ಮಾವಿನ ಹಣ್ಣು ಒಂದು ಬುಟ್ಟಿ ಹೊತ್ತುಕೊಂಡು ಬಂದು ಮಿಸ್ ಮುಂದೆ ಕೈಮುಗಿದು ನಿಂತ. ಅವರು ಬುಟ್ಟಿಯನ್ನು ಒಳಗಿಡಿಸಿದರು. "ನಿಮ್ಮ ಹುಡುಗೀಗೆ ಇಲ್ಲಿ ಸರಿಹೋಗಲ್ಲ. ನಿಮ್ಮ ಕಡೆ ಸ್ಕೂಲಿಗೇ ಸೇರಿಸಿ," ಅಂದರು. ಟಿ.ಸಿ. ಅವತ್ತೇ ಸಿಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನಗೆ ಚಪ್ಪಲಿಗಿಂತ ಅಪ್ಪನ ಮುಗಿದ ಕೈ ಹೆಚ್ಚು ಉರಿಯಿತು. ಶ್ರೀನಿವಾಸಪುರದ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಟೈಪಿಂಗ್ ಕಲಿತೆ, ಮದುವೆಯಾದೆ, ಕೆಲಸ ಸಿಕ್ಕಿತು. ಉರಿ ಹಾಗೇ ಇತ್ತು.

ಮಗಳನ್ನು ಕರೆದುಕೊಂಡು ಮೊದಲು ನಮ್ಮ ಮುಳಬಾಗಿಲಿನ ಶಾಲೆಗೇ ಹೋದೆ. ಹಳೇ ಮಹಡಿ ಮನೆಯೊಂದರಲ್ಲಿ ನಡೆಯುತ್ತಿತ್ತು. ಕಾರ್ಯದರ್ಶಿಗಳು ಮಗಳ ಮಾರ್ಕ್ಸ್‌ಕಾರ್ಡು ಬಿಡಿಸುವ ಮೊದಲೇ ನಮ್ಮ ಮನೆ ಯಾವ ಬೀದಿಯಲ್ಲಿ, ಪಕ್ಕದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದರು. ಅವರು ಕೇಳುತ್ತಿದ್ದುದು ಬೀದಿಯನ್ನಲ್ಲ ಎಂದು ತಿಳಿಯಿತು, ಎದ್ದು ಬಂದೆ. ಶ್ರೀನಿವಾಸಪುರದಲ್ಲಿ ಹೊಸದಾಗಿ ತೆರೆದಿದ್ದದ್ದು ಎರಡೇ ಕೋಣೆಯ ಶಾಲೆ, ವಿಜ್ಞಾನಕ್ಕೆ ಟೀಚರೇ ಇರಲಿಲ್ಲ. ಮಾಲೂರಿನದು ಹಾಸ್ಟೆಲ್ ಇದ್ದ ಶಾಲೆ. ಮಾಸ್ತಿ ಕಡೆಯ ರೈತರ ಮಕ್ಕಳೇ ಹೆಚ್ಚು. ರಾತ್ರಿ ಮುದ್ದೆ, ಸಾರು. ವಾರ್ಡನ್ ಗಂಟುಮುಖದವಳು. ಆದರೆ ಹಿಂದಿನ ಬೆಂಚಿನ ಮಕ್ಕಳಿಗೆ ಬೇಸಿಗೆಯಲ್ಲೂ ಅಲ್ಲಿನ ಹೆಡ್‌ಮಿಸ್ ತಾವೇ ಕೂತು ಲೆಕ್ಕ ಹೇಳಿಕೊಡುತ್ತಿದ್ದರು. ಅದು ನನಗೆ ಹಿಡಿಸಿತು.

ಕೋಲಾರದ ಶಾಲೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವರ ಮಾನ್ಯತೆಯ ನವೀಕರಣದ ಅರ್ಜಿ ಆಗಲೇ ನನ್ನ ಮೇಜಿಗೆ ಬಂದಿತ್ತು. ಕೆಳಗೆ ಮುಖ್ಯೋಪಾಧ್ಯಾಯಿನಿಯ ಸಹಿ. ಅದೇ ಕನ್ನಡದ ಮಿಸ್.

ಮೇ ತಿಂಗಳ ಒಂದು ಬೆಳಿಗ್ಗೆ ಮಗಳ ಕೈಹಿಡಿದು ಅವರ ಕೋಣೆಗೆ ಹೋದೆ. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ನನ್ನ ಕೆಲಸ ಏನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಗಳ ಕೈಗೆ ಪುಸ್ತಕ ಕೊಟ್ಟು ಓದಿಸಿದರು. ಒಂದು ಪುಟ ಪೂರ್ತಿ ಕೇಳಿದರು.

"ಮನೇಲಿ ಯಾವ ಭಾಷೆ ಮಗು?"

"ತೆಲುಗು ಮಿಸ್. ಕನ್ನಡಾನೂ."

"ಅಂದ್ಕೊಂಡೆ. ರಾಗ ಕೇಳಿದ್ರೇ ಗೊತ್ತಾಗುತ್ತೆ. ಪರವಾಗಿಲ್ಲ, ತಿದ್ಕೊಳ್ಳೋಣ." ನನ್ನ ಕಡೆ ತಿರುಗಿ, "ಸೀಟು ಕೊಡ್ತೀನಮ್ಮ, ಜಾಣೆ ಇದ್ದಾಳೆ," ಅಂದರು.

"ನಾನೂ ಇಲ್ಲೇ ಓದಿದ್ದೆ ಮಿಸ್. ಮೂರು ತಿಂಗಳು. ಗೌನಿಪಲ್ಲಿ ಕಡೆಯವಳು," ಅಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹೌದಾ? ನೆನಪಿಲ್ಲಮ್ಮ. ಎಷ್ಟೋ ಜನ ಬರ್ತಾರೆ, ಹೋಗ್ತಾರೆ."

ಅವರು ನೆನಪಿಟ್ಟುಕೊಂಡು ಜಂಬದಿಂದ ಮಾತಾಡಿದ್ದರೆ ನಾನು ಜಗಳವಾಡಿ ಹಗುರಾಗಿ ಮನೆಗೆ ಹೋಗುತ್ತಿದ್ದೆನೋ ಏನೋ. ಹದಿನೇಳು ಹದಿನೆಂಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವರ ಪಾಲಿಗೆ ನಡೆದೇ ಇರಲಿಲ್ಲ. ಎದ್ದು ಹೊರಗೆ ಬಂದು, ಮಗಳನ್ನು ಮರದ ನೆರಳಲ್ಲಿ ಕೂರಿಸಿ, ಶಾಲೆಯನ್ನು ಒಂದು ಸುತ್ತು ಹಾಕಿದೆ. ಅರ್ಜಿಯಲ್ಲಿ ಹೆಣ್ಣುಮಕ್ಕಳಿಗೆ ನೀರಿನ ಸೌಕರ್ಯವಿರುವ ಆರು ಪಾಯಿಖಾನೆ ಇವೆ ಎಂದು ಬರೆದಿದ್ದರು. ಇದ್ದದ್ದು ಎರಡು. ಒಂದಕ್ಕೆ ಟೀಚರುಗಳ ಬೀಗ. ಇನ್ನೊಂದಕ್ಕೆ ಬಾಗಿಲಿಲ್ಲ, ಗೋಣಿತಾಟು ಇಳಿಬಿಟ್ಟಿದ್ದರು.

ಮರುದಿನ ಫೈಲು ಬಿಚ್ಚಿ ಟಿಪ್ಪಣಿ ಬರೆದೆ. ಬೇರೆ ಶಾಲೆಯಾಗಿದ್ದರೆ 'ನವೀಕರಿಸಬಹುದು' ಎಂದು ಒಂದು ಸಾಲು ಬರೆದು ಮೇಲಕ್ಕೆ ಕಳಿಸುತ್ತಿದ್ದೆ. ಆವತ್ತು ಅರ್ಜಿಯ ವಿವರಕ್ಕೂ ವಾಸ್ತವಕ್ಕೂ ತಾಳೆಯಿಲ್ಲ, ಸ್ಥಳ ತನಿಖೆ ಆಗಬೇಕು ಎಂದು ಒಂದು ಪುಟ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ಹೋಗಿ ನೋಡಿ ಬಂದರು. ಸರಿಪಡಿಸುವ ತನಕ ಎಂಟನೇ ಕ್ಲಾಸಿಗೆ ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ಆದೇಶವಾಯಿತು. ಆದೇಶ ಟೈಪು ಮಾಡಿದ್ದೂ ನಾನೇ.

ಮುಖ್ಯೋಪಾಧ್ಯಾಯಿನಿ ಕಚೇರಿಗೆ ಬರಲು ಶುರುಮಾಡಿದರು. ನನ್ನ ಮೇಜಿನ ಎದುರಿನ ಕುರ್ಚಿಯ ಮೇಲೆ ಬೇಕೆಂದೇ ಫೈಲು ಪೇರಿಸಿಟ್ಟೆ. ಎರಡು ಸಲ ನಿಂತುಕೊಂಡೇ ಮಾತಾಡಿ ಹೋದರು. ಮೂರನೇ ಸಲ ನನ್ನನ್ನು ಗುರುತು ಹಿಡಿದರು.

"ನೀವು ಮಗಳನ್ನ ಕರ್ಕೊಂಡು ಬಂದಿದ್ರಲ್ವಾ?"

"ಹೌದು." ಆಮೇಲೆ ಚಪ್ಪಲಿಯ ದಿನದ್ದನ್ನು ಹೇಳಿದೆ. ಅಪ್ಪನ ಬುಟ್ಟಿಯದ್ದನ್ನೂ ಹೇಳಿದೆ. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿದ್ದರು. ನಾನು ದನಿ ತಗ್ಗಿಸಲಿಲ್ಲ.

ಮುಖ್ಯೋಪಾಧ್ಯಾಯಿನಿ ಕುರ್ಚಿಯ ಮೇಲಿನ ಫೈಲುಗಳನ್ನು ನೋಡಿದರು. "ಇದ್ದಿರಬಹುದು. ಆಗ ನನಗೂ ಕೋಪ ಜಾಸ್ತಿ," ಅಂದರು. ಆಮೇಲೆ, "ತಪ್ಪಾಯ್ತು ಅಂದ್ರೆ ಫೈಲು ಮುಂದೆ ಹೋಗುತ್ತಾ?" ಎಂದು ಕೇಳಿದರು.

"ಪಾಯಿಖಾನೆ ಕಟ್ಸಿದ್ರೆ ಹೋಗುತ್ತೆ," ಅಂದೆ.

ಕಟ್ಟಿಸಿದರು. ಜುಲೈ ಮಧ್ಯಕ್ಕೆ ಆರೂ ಮುಗಿದವು, ಬಾಗಿಲು ಸಮೇತ. ಮುಗಿದಿದೆ ಎಂಬ ಪತ್ರ ನನ್ನ ಕೈಗೆ ಬಂತು. ಅಲ್ಲಿಯವರೆಗೆ ನಾನು ಮಾಡಿದ್ದನ್ನು ಯಾರ ಮುಂದೆ ಬೇಕಾದರೂ ಸಮರ್ಥಿಸಿಕೊಳ್ಳಬಲ್ಲೆ. ಅಲ್ಲಿಂದ ಮುಂದಿನದನ್ನು ಸಮರ್ಥಿಸಿಕೊಳ್ಳಲಾರೆ. ಆ ಪತ್ರವನ್ನು ಬೇರೆ ಕಾಗದಗಳ ಅಡಿಗೆ ಸೇರಿಸಿ, ಐದು ವಾರ ಹಾಗೇ ಇಟ್ಟೆ. ಸಾಹೇಬರು ಕೇಳಿದಾಗ "ಇನ್ನೂ ಬಂದಿಲ್ಲ ಸಾರ್" ಅಂದೆ. ಅಷ್ಟರಲ್ಲಿ ಆಡಳಿತ ಮಂಡಳಿಯವರು ಮುಖ್ಯೋಪಾಧ್ಯಾಯಿನಿಯನ್ನು ಹೊಣೆ ಮಾಡಿ ಮನೆಗೆ ಕಳಿಸಿದ್ದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತಂತೆ. ಆ ಸುದ್ದಿ ಕೇಳಿದ ಮಧ್ಯಾಹ್ನ ಊಟದ ಡಬ್ಬಿಯಲ್ಲಿದ್ದದ್ದನ್ನು ಒಂದಗುಳೂ ಬಿಡದೆ ತಿಂದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದ ಹಾಗಾಯಿತು. ಅವರ ವಿಷಯದಲ್ಲಿ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾದೀತು. ಇವತ್ತಿಗೂ ಆಗಿಲ್ಲ.

ಮಗಳನ್ನು ಮಾಲೂರಿಗೆ ಸೇರಿಸಿದ್ದೆ. ಟ್ರಂಕು ಜೋಡಿಸುವಾಗ ಅವಳು, "ನಂಗೆ ಕೋಲಾರದ್ದೇ ಇಷ್ಟ ಇತ್ತಮ್ಮ. ಆ ಮಿಸ್ ನಾನು ಓದಿದ್ದನ್ನ ಪೂರ್ತಿ ಕೇಳಿದ್ರು. ನೀನು ಯಾವಾಗ್ಲೂ ಅರ್ಧಕ್ಕೇ ಸಾಕು ಅಂತೀಯ," ಅಂದಳು. "ನಿಂಗೊತ್ತಾಗಲ್ಲ ಸುಮ್ನಿರೇ," ಅಂದೆ. ಬಸ್ಸಿನಲ್ಲಿ ಮಾಲೂರು ಬರುವವರೆಗೆ ಅವಳು ಕಿಟಕಿಯ ಕಡೆಯೇ ತಿರುಗಿ ಕೂತಿದ್ದಳು.

ಆಗಸ್ಟಿನಲ್ಲಿ ಕಚೇರಿಗೆ ಒಬ್ಬ ಹೆಂಗಸು ಬಂದಳು. ಗೌನಿಪಲ್ಲಿ ಕಡೆಯವಳೇ, ಹಿಪ್ಪುನೇರಳೆ ಬೆಳೆಯುವ ಮನೆಯವಳು. ಮಗಳಿಗೆ ಕೋಲಾರದ ಶಾಲೆಯಲ್ಲಿ ಸೀಟು ಗೊತ್ತಾಗಿತ್ತಂತೆ. ಇವತ್ತು ಆರ್ಡರು ಬರುತ್ತೆ, ನಾಳೆ ಬರುತ್ತೆ ಎಂದು ಕಾಯುವಷ್ಟರಲ್ಲಿ ಬೇರೆ ಕಡೆಯೂ ಅಡ್ಮಿಷನ್ ಮುಗಿದುಹೋಗಿತ್ತು. "ಹುಡುಗಿ ಮನೇಲಿ ಸೊಪ್ಪು ಕೊಯ್ಕೊಂಡು ಕೂತವಳಮ್ಮ. ಅವರಪ್ಪ ಓದು ಸಾಕು ಅಂತಾನೆ," ಅಂದಳು. ನಾನು ನೋಡ್ತೀನಿ ಅಂದೆ. ಅವಳು ಮೆಟ್ಟಿಲಿಳಿದ ಮೇಲೆ ಕಾಗದಗಳ ಅಡಿಯಿಂದ ಪತ್ರ ತೆಗೆದೆ. ಆದೇಶ ಆ ವಾರವೇ ಹೊರಟಿತು. ಆದರೆ ಆ ವರ್ಷಕ್ಕೆ ಸೇರಿಸಿಕೊಳ್ಳುವ ಕೊನೆಯ ದಿನ ದಾಟಿತ್ತು.

ಒಂದು ಭಾನುವಾರ ಆ ಹೆಂಗಸಿನ ಊರು ಕೇಳಿಕೊಂಡು ಹೋದೆ. ಹುಡುಗಿ ಹಿತ್ತಲಲ್ಲಿ ರೇಷ್ಮೆ ಹುಳುವಿನ ತಟ್ಟೆ ತೊಳೆಯುತ್ತಿದ್ದಳು. ತಾಯಿ ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟಳು. ಅಷ್ಟು ದೂರದಿಂದ ಬಂದೆನೆಂದು ಅವಳಿಗೆ ಖುಷಿಯಾಗಿತ್ತು. "ಯಾರೋ ಬೇಕಂತಲೇ ಕಾಗದ ಹಿಡ್ಕೊಂಡಿದ್ರಂತೆ. ಸ್ಕೂಲಿನ ಜವಾನ ಹೇಳ್ದ. ಅವರ ಮನೆ ಹಾಳಾಗ," ಅಂದಳು.

"ಹಿಡ್ಕೊಂಡಿದ್ದು ನಾನೇ," ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಚಪ್ಪಲಿಯಿಂದ ಹಿಡಿದು. ತೆಲುಗಿನಲ್ಲೇ ಹೇಳಿದೆ. ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು: "ಅದಕ್ಕೂ ನನ್ನ ಮಗಳಿಗೂ ಏನಮ್ಮ ಸಂಬಂಧ?"

ಅರ್ಧ ಕುಡಿದಿದ್ದ ಮಜ್ಜಿಗೆ ಲೋಟವನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾನು ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಂದೆ.

ಮುಂದಿನ ಜೂನಿನಲ್ಲಿ ಆ ಹುಡುಗಿ ಶ್ರೀನಿವಾಸಪುರದ ಸರ್ಕಾರಿ ಶಾಲೆ ಸೇರಿದಳೆಂದು ತಿಳಿಯಿತು. ಅವರಪ್ಪನನ್ನು ಒಪ್ಪಿಸಿದ್ದು ತಾಯಿಯೇ ಅಂತೆ. ನಾನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ನೋಟುಪುಸ್ತಕಗಳ ಕಟ್ಟು ಮಾತ್ರ, ಬಿಚ್ಚದೆ, ಅದೇ ಕಂಡಕ್ಟರನ ಕೈಯಲ್ಲಿ ವಾಪಸು ಬಂತು.