ಕತ್ತರಿ ಅಕ್ಕನ ಸಾವಿರೆಲೆ

ನನ್ನ ಅಕ್ಕನನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಎನ್ನುತ್ತಾರೆ. ಹೊಲಿಗೆ ಅವಳ ಕಸುಬು. ಮಾತೂ ಹಾಗೇ, ಬಿದ್ದಲ್ಲಿ ಎರಡು ತುಂಡು. ಸೂಜಿ ಚುಚ್ಚಿ ಬಿಳಿ ಬಟ್ಟೆಗೆ ರಕ್ತದ ಕಲೆಯಾದರೆ ದಿನದ ಕೆಲಸ ನೀರುಪಾಲು. ಅದಕ್ಕೇ ಮಿಷನ್ನಿನ ಪಕ್ಕದ ಕಿಟಕಿಯಾಚೆ ಸಾವಿರೆಲೆ ಎಂಬ ಮೂಲಿಕೆ ಗಿಡ ಬೆಳೆಸಿದಳು. ಮೂಲಿಕೆ ಅಂಗಡಿಯವರು ಇಂಗ್ಲಿಷಿನಲ್ಲಿ ಅದನ್ನು ‘ಯಾರೊ’ ಎನ್ನುತ್ತಾರೆ. ಗರಿಯಂತೆ ಸೀಳುಸೀಳಾದ ಎಲೆ, ಕೊಡೆಯಂತೆ ಹರಡಿದ ಬಿಳಿ ಹೂಗೊಂಚಲು. ಎಲೆ ಜಜ್ಜಿ ಬೆರಳಿಗೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ನಾನು ವೆಲ್ಡಿಂಗ್ ಮಾಡುವವನು, ನನ್ನ ಕೈಗೂ ಎಷ್ಟೋ ಸಲ ಅದೇ ಮದ್ದಾಗಿದೆ. ಅಕ್ಕ ಎಳೆಯ ಎಲೆಯನ್ನು ಹೆಚ್ಚಿ ಸೌತೆಕಾಯಿಗೆ ಬೆರೆಸುತ್ತಾಳೆ. ಕಹಿ, ಆದರೆ ಬಾಯಿಗೆ ಹಿಡಿಸಿಬಿಡುತ್ತದೆ. ನೆಗಡಿಯವರಿಗೆ ಒಣಹೂವಿನ ಕಷಾಯ. ಬಸುರಿಯರಿಗೆ ಮಾತ್ರ ಕೊಡುವುದಿಲ್ಲ, ಗೋಗರೆದರೂ.

ಹೋದ ವರ್ಷ ಮೂಲಿಕೆ ಅಂಗಡಿಯಾಕೆ, ಹೂ ಚೆನ್ನಾಗಿ ಬಂದರೆ ನಿಮ್ಮ ಹೆಸರಿನಲ್ಲೇ ಜಾಡಿ ಇಡುತ್ತೇನೆ ಎಂದಳು. ಅಕ್ಕ ಹೊಲಿದ ಬಟ್ಟೆ ಊರೆಲ್ಲ ಓಡಾಡುತ್ತದೆ, ಒಂದರ ಮೇಲೂ ಅವಳ ಹೆಸರಿಲ್ಲ. ಆ ಜಾಡಿಯ ಮೇಲೆ ಅವಳ ಮನಸ್ಸು ನೆಟ್ಟಿತು.

ಆಗ ಹೊಲಿಗೆ ಕೆಲಸ ಮೈಮೇಲೆ ಬಿದ್ದಿತ್ತು. ಗಿಡ ನಾನು ನೋಡಿಕೊಳ್ಳುತ್ತೇನೆ ಎಂದು ಭಾವ ಮುಂದೆ ಬಂದರು. ಭಾವ ಬೇಕರಿಯಲ್ಲಿ ಹಿಟ್ಟು ನಾದುವವರು, ಉಬ್ಬಿದ್ದೆಲ್ಲ ಒಳ್ಳೆಯದೆಂದೇ ಅವರ ನಂಬಿಕೆ. ದಿನಾ ನೀರು, ವಾರವಾರ ಗೊಬ್ಬರ. ಗಿಡ ಸೊಂಟದೆತ್ತರ ಬೆಳೆದು, ಹೂ ಬಿಡುವ ಹೊತ್ತಿಗೆ ಕುಡಿದವನಂತೆ ಮಕಾಡೆ ಮಲಗಿತು. ಅಂಗಡಿಯಾಕೆ ಬಂದು ಒಂದು ಹೂ ಉಜ್ಜಿ ಮೂಸಿದಳು. ಬರೀ ಹುಲ್ಲಿನ ವಾಸನೆ, ಜಾಡಿಗೆ ಹೋಗುವುದಿಲ್ಲ ಎಂದು ಹೊರಟೇಬಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಭಾವನ ಎದುರು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ತಡೆದಳು.

"ಸಾಕು ಸುಮ್ನಿರೋ. ಅವರೇನು ವಿಷ ಹಾಕಿದ್ರಾ? ಪ್ರೀತಿ ಒಂದು ಹಿಡಿ ಜಾಸ್ತಿಯಾಯ್ತು, ಅಷ್ಟೆ."

ಹಳೆಯ ಕತ್ತರಿ ತಂದಳು. ಬಟ್ಟೆಯದಲ್ಲ, ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಮೊಣಕಾಲೂರಿ ಕೂತು, ಬುಡದಲ್ಲಿ ಗೇಣುದ್ದ ಬಿಟ್ಟು ಇಡೀ ಮಡಿಯನ್ನು ಕತ್ತರಿಸಿಹಾಕಿದಳು. ಸಿಟ್ಟು ಗಿಡದ ಮೇಲೆ ತೀರಿಸಿಕೊಂಡಳೆಂದೇ ನಾನು ತಿಳಿದೆ. ಆಮೇಲೆ ಗೊಬ್ಬರ ಬಾಚಿ ತೆಗೆದು, ಮರಳು ಸುರಿದು, ನೀರು ಹಾಕುವ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು. ಭಾವ ಕಿಟಕಿಯಲ್ಲಿ ನಿಂತು, ಪಾಪ ಬಾಯಾರಿದೆ ಕಣೇ ಎಂದು ಗೊಣಗುತ್ತಲೇ ಇದ್ದರು.

ಬೇಸಗೆ ಮುಗಿಯುವ ಮುಂಚೆ ಗಿಡ ಮತ್ತೆ ಎದ್ದಿತು. ಮೊಣಕಾಲೆತ್ತರ, ಕಡ್ಡಿಯಂತೆ ನೆಟ್ಟಗೆ, ತಲೆತುಂಬ ಹೂ. ಕೊಯ್ದು ಕಟ್ಟಿ, ಗಿರಾಕಿಗಳ ಅಂಗಿಗಳ ನಡುವೆ ಕೊಕ್ಕೆಗೆ ತಲೆಕೆಳಗಾಗಿ ತೂಗುಹಾಕಿದಳು. ಯಾರ ಬಟ್ಟೆ ಮೂಸಿದರೂ ಅದೇ ಘಮ.

ಅಂಗಡಿಯಾಕೆಗೆ ಹೇಳಿಕಳಿಸಿದೆವು. ಬಂದು ಹೂ ಉಜ್ಜಿ ಮೂಸಿದವಳು ಮೂಗಿನಿಂದ ಅಂಗೈ ಇಳಿಸಲೇ ಇಲ್ಲ.

"ಇದು ಅದೇ ಗಿಡಾನಾ ಅಕ್ಕಾ?"

"ಅದೇ. ಸ್ವಲ್ಪ ಉಪವಾಸ ಕೆಡವಿದೆ."

ಈಗ ಆ ಅಂಗಡಿಯಲ್ಲಿ, ಕಣ್ಣಿಗೆ ನೇರವಾದ ಸಾಲಿನಲ್ಲಿ, ‘ಕತ್ತರಿ ಅಕ್ಕನ ಸಾವಿರೆಲೆ’ ಎಂದು ಬರೆದ ಜಾಡಿ ಇದೆ. ಆ ದಾರಿಯಲ್ಲಿ ನನಗೇನೂ ಕೆಲಸವಿಲ್ಲ, ಆದರೂ ದಿನಾ ಹೋಗುತ್ತೇನೆ. ಬೇರೆ ಡಬ್ಬಿ ಅದಕ್ಕೆ ಅಡ್ಡ ಬಂದಿದ್ದರೆ ಸರಿಸಿ, ಹೆಸರು ಬೀದಿಗೆ ಕಾಣುವಂತೆ ತಿರುಗಿಸಿ ಬರುತ್ತೇನೆ. ಅಂಗಡಿಯಾಕೆ ಒಮ್ಮೆ ನೋಡಿ ತನ್ನ ಕೆಲಸಕ್ಕೆ ತಿರುಗುತ್ತಾಳೆ. ಭಾವನ ಮೇಲೆ ಕೂಗಾಡಿದ್ದು ಬೀದಿಗೆಲ್ಲ ಕೇಳಿತ್ತು, ನನ್ನ ಸಿಟ್ಟು ಅವಳಿಗೂ ಗೊತ್ತು.