ಅಜ್ಜಿಯ ಕೊರಳಿಗೆ ಮಾಲೆ

ನಾಟಿ ಗದ್ದೆಯಲ್ಲಿ ಹಾವು ಕಂಡರೂ ಕೈ ನಿಲ್ಲಿಸದವಳು ನಮ್ಮ ಅಜ್ಜಿ ಮುದಕಮ್ಮ. ಆದರೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಹಳ ಹೆದರಿದ್ದಳು. ಮರುದಿನ ಬೆಳಿಗ್ಗೆ ಗಂಗಾವತಿಯ ಆಸ್ಪತ್ರೆಗೆ ಹೋಗಬೇಕಿತ್ತು. ಆ ಸಂಜೆ, ಎರಡನೇ ತರಗತಿಯ ನನ್ನ ತಂಗಿ ಮಲ್ಲೇಶ್ವರಿ ಮನೆಯವರೆಲ್ಲರ ಚಿತ್ರ ಬರೆದು ಅಜ್ಜಿಗೆ ತೋರಿಸಿದಳು. ಶಾಲೆಯಲ್ಲಿ ಬರೆದು ತರಲು ಹೇಳಿದ್ದರು. ಅಜ್ಜಿ ಪುಸ್ತಕವನ್ನು ಕಾಣುವ ಕಣ್ಣಿನ ಹತ್ತಿರ ಹಿಡಿದಳು. ಚಿತ್ರದಲ್ಲಿ ಅವಳೊಬ್ಬಳ ಕೊರಳಿಗೇ ದಪ್ಪ ಹೂಮಾಲೆಯಿತ್ತು.

"ಜೀವ ಇದ್ದಾಕಿಗೆ ಮಾಲಿ ಹಾಕೀಯಲ್ಲಬೇ! ನಾ ಹೊಳ್ಳಿ ಬರಂಗಿಲ್ಲೇನು?"

"ಗ್ವಾಡಿ ಮ್ಯಾಲಿನ ಫೋಟೋದಾಗ ಅಜ್ಜಗ ಐತಲ್ಲ. ಭಾಳ ಛಲೋ ಇದ್ದೋರಿಗೆ ಹಾಕ್ತಾರ ಅಂದ್ಕೊಂಡಿದ್ನಿ."

ನನಗೆ ನಗು ಬಂತು. ಅಜ್ಜಿಯ ಮುಖ ನೋಡಿ ನುಂಗಿಕೊಂಡೆ. "ಸತ್ತೋರಿಗೆ ಹಾಕ್ತಾರವ್ವ" ಎಂದು ತಂಗಿಗೆ ಮೆಲ್ಲಗೆ ಹೇಳಿದೆ.

"ನಾ ನಾಳೆ ಹೋಗಂಗಿಲ್ಲ" ಎಂದಳು ಅಜ್ಜಿ.

ಮಲ್ಲೇಶ್ವರಿ ಅಳುತ್ತಾ ಪೆನ್ಸಿಲ್ ಎತ್ತಿಕೊಂಡಳು. "ಒಬ್ಬಾಕಿನ ಅಂಜಬ್ಯಾಡಬೇ, ನಾನೂ ನಿನ್ನ ಜೋಡಿ ಬರ್ತೀನಿ" ಎಂದು ತನ್ನ ಚಿತ್ರಕ್ಕೂ ಮಾಲೆ ಬರೆಯತೊಡಗಿದಳು.

ಅಜ್ಜಿ ಚೀರಿ ಪುಸ್ತಕ ಕಸಿದುಕೊಂಡಳು. ರಬ್ಬರ್ ಹಿಡಿದು ಮೊಮ್ಮಗಳ ಕೊರಳನ್ನು ಉಜ್ಜಿದಳು, ತನ್ನದನ್ನು ಮರೆತೇಬಿಟ್ಟಳು. "ಹೋತೇನು? ಸರಿಯಾಗಿ ನೋಡು" ಎಂದು ನನ್ನನ್ನು ಮೂರು ಸಲ ಕೇಳಿದಳು. ಪೂರ್ತಿ ಹೋಗಿದೆ ಎಂದರೂ ನಂಬಲಿಲ್ಲ.

"ಮುಂಜಾನಿ ಲಗೂನ ಎಬ್ಬಸು" ಎಂದಳು. "ಕಣ್ಣು ಛಲೋ ಆದ ಮ್ಯಾಲೆ ನಾನ ನೋಡ್ತೀನಿ."